ಬಾರೋ ಬುಗುರಿ!

ಒಂದು ಕಾಲದಲ್ಲಿ ನಮ್ಮೂರ ಮೈದಾನಕ್ಕೆ ಬೇಲಿಯೇ ಇರಲಿಲ್ಲ. ಚೆಂಡು ಹೊರಗೆ ಉರುಳಿ ಬಂದರೆ ನೋಡುತ್ತಿದ್ದವರೇ ಒದ್ದು ಒಳಗೆ ಕಳಿಸುತ್ತಿದ್ದರು. ಆಟ ಮುಗಿದ ಮೇಲೆ ಆಡಿದವರೂ ನೋಡಿದವರೂ ಒಂದೇ ರಸ್ತೆಯಲ್ಲಿ ಹರಟುತ್ತ ಮನೆಗೆ ನಡೆಯುತ್ತಿದ್ದರು. ಸೋತ ದಿನ ಹರಟೆ ಸ್ವಲ್ಪ ಕಡಿಮೆ, ಅಷ್ಟೇ.

ಬೇಕರಿ ಅಕ್ಕನ ಮಗ ಬುಗುರಿ ಆ ರಸ್ತೆಯಲ್ಲೇ ಬೆಳೆದವನು. ಕಾಲಿಗೆ ಚೆಂಡು ಸಿಕ್ಕರೆ ಗಿರ್ರನೆ ತಿರುಗುತ್ತಿದ್ದ, ಅದಕ್ಕೇ ಆ ಹೆಸರು. ಅವನು ಊರ ತಂಡಕ್ಕೆ ಸೇರಿದಾಗ ಜೆರ್ಸಿ ಹೊಲಿದುಕೊಟ್ಟವರು ಟೈಲರ್ ಮಾಮ. "ಇವನು ನಮ್ಮ ಹುಡುಗ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಹೋದ ವರ್ಷ ಫೈನಲ್‌ನಲ್ಲಿ ಬುಗುರಿ ಹೊಡೆದ ಪೆನಾಲ್ಟಿ ಕಂಬಕ್ಕೆ ಬಡಿದು ಆಚೆ ಹೋಯಿತು. ಕಪ್ ಕೈತಪ್ಪಿತು. ಅಂದಿನಿಂದ ಅವನು ಚೆಂಡು ಮುಟ್ಟಿದರೆ ಸಾಕು, ನಮ್ಮವರೇ "ಊ..." ಎಂದು ಊಳಿಡತೊಡಗಿದರು. ಮುಂದಾಳು ಯಾರು? ಟೈಲರ್ ಮಾಮನೇ! ಅವರದು ಮೈಕು ಬೇಡದ ಗಂಟಲು.

ಒಂದು ಬೆಳಿಗ್ಗೆ ಅಂಚೆಯಣ್ಣ ಪ್ಯಾಂಟಿನ ಅಂಚು ಹೊಲಿಸಲು ಬಂದರು. ಹಿಂದೆ ತಂಡದ ನಾಯಕರು, ಈಗ ಹುಡುಗರಿಗೆ ಆಟ ಕಲಿಸುತ್ತಾರೆ.

"ಬುಗುರಿ ಇನ್ಮೇಲೆ ಆಡಲ್ವಂತೆ ಕಣೋ."

"ಒಳ್ಳೇದೇ ಆಯ್ತು," ಎಂದರು ಮಾಮ. "ಟಿಕೆಟ್ ತಗೊಂಡು ಬಿಸಿಲಲ್ಲಿ ಕೂರೋರು ನಾವು. ಬೈಯೋ ಹಕ್ಕೂ ಇಲ್ವಾ?"

"ಆಟ ಸರಿ ಇಲ್ಲ ಅನ್ನು, ಅದು ಹಕ್ಕು. ಅವನು ಉಸಿರಾಡಿದ್ರೂ ಊಳಿಡೋದು ಯಾವ ಹಕ್ಕು?"

"ಬೈದ್ರೆ ಛಲ ಬರುತ್ತೆ ಬಿಡು."

"ಛಲ ಅಲ್ಲ, ಭಯ ಬರುತ್ತೆ. ಈಗ ಚೆಂಡು ಸಿಕ್ಕಿದ ಕೂಡ್ಲೇ ಪಕ್ಕದವನಿಗೆ ದಾಟಿಸಿ ಕೈ ತೊಳ್ಕೋತಾನೆ. ಅವನು ತಿರುಗಿದ್ದು ನೋಡಿದೀಯಾ ಈಚೆಗೆ?"

ಮಾಮನ ಕತ್ತರಿ ನಿಂತಿತು. ನೋಡಿರಲಿಲ್ಲ.

"ನಾನು ನಮ್ಮ ಗೋಲಿಗೇ ಚೆಂಡು ಹೊಡೆದಿದ್ದು ನೆನಪಿದೆಯಾ?"

"ಮರೆಯೋಕಾಗುತ್ತಾ!" ಮಾಮ ನಕ್ಕುಬಿಟ್ಟರು.

"ಮುಂದಿನ ಆಟಕ್ಕೆ ಇಳಿಯುವಾಗ ನನ್ನ ಕಾಲು ಗಡಗಡ. ನಿಮ್ಮಪ್ಪ ಎದ್ದು ನಿಂತು, 'ಬಾರೋ ಮಗನೇ, ಈ ಸಲ ಆ ಕಡೆ ಹೊಡಿ' ಅಂದ್ರು. ಮೈದಾನಕ್ಕೆ ಮೈದಾನವೇ ನಕ್ತು. ನಾನೂ ನಕ್ಕೆ. ನಡುಕ ಹೋಯ್ತು."

ಮಾಮ ಪ್ಯಾಂಟಿನ ಅಂಚು ಹೊಲಿದು ಮಡಚಿ ಕೊಟ್ಟರು.

ಸಂಜೆ ಮಾಮ ಬೇಕರಿಗೆ ಬ್ರೆಡ್ ತರಲು ಹೋದರು. "ಅಕ್ಕಾ, ನೀವು ಈಚೆಗೆ ಮೈದಾನದ ಕಡೆ ಬರ್ತಾನೇ ಇಲ್ವಲ್ಲ?"

"ಇಲ್ಲಿಗೇ ಕೇಳುತ್ತೆ ಅಣ್ಣ," ಅಕ್ಕ ಬ್ರೆಡ್ ಸುತ್ತುತ್ತ ಹೇಳಿದರು. "ಅಷ್ಟು ಜನರಲ್ಲೂ ನಿಮ್ಮ ಗಂಟಲು ಗೊತ್ತಾಗುತ್ತೆ."

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಮಾಮನನ್ನು ಚುಚ್ಚಿತು.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದರು. ಆಕೆ ಅಂದರು: "ಗೆದ್ದಾಗ ಹೆಗಲ ಮೇಲೆ ಕೂರಿಸಿದೋರೂ ನೀವೇ, ಈಗ ಎತ್ತಿ ಹಾಕಿದೋರೂ ನೀವೇ. ನನ್ನ ಹತ್ರ ಹೇಳಿದ್ರೆ ಏನು ಬಂತು? ಅವನ ಹತ್ರ ಹೇಳಿ."

ಮಾಮ ಹೋಗಿ ಹೇಳಿದರು. "ತಪ್ಪಾಯ್ತು ಕಣೋ. ಆಡೋದು ಬಿಡ್ಬೇಡ."

ಬುಗುರಿ ತಲೆ ತಗ್ಗಿಸಿದ. "ಮತ್ತೆ ತಪ್ಪಿದ್ರೆ ಮಾಮ?"

"ತಪ್ಪಲಿ. ಆಗ್ಲೂ ನೀನು ನಮ್ಮವನೇ."

ಭಾನುವಾರ ಬುಗುರಿ ಮೈದಾನಕ್ಕೆ ಇಳಿದ. ಊಳು ಶುರುವಾಯಿತು. ಟೈಲರ್ ಮಾಮ ಎದ್ದು ನಿಂತರು. "ಬಾರೋ ಬುಗುರಿ! ತಿರುಗೋ!"

ಪಕ್ಕದವನು ಕಿಸಕ್ಕನೆ ನಕ್ಕ. "ಏನ್ ಮಾಮ, ಪಕ್ಷ ಬದಲಾಯ್ತಾ?"

"ಪಕ್ಷ ಅದೇ ಕಣಪ್ಪ. ಬುದ್ಧಿ ಈಗ ಬಂತು."

ಮೊದಲ ಚೆಂಡನ್ನು ಬುಗುರಿ ಕಳೆದುಕೊಂಡ. ಮಾಮ ಕೂಗುವುದು ನಿಲ್ಲಿಸಲಿಲ್ಲ. ಹೆಂಡತಿಯೂ ದನಿಗೂಡಿಸಿದರು. ಹಿಂದಿನ ಸಾಲಿನ ಮುದುಕರು ಸೇರಿಕೊಂಡರು, ಕಿಸಕ್ಕೆಂದವನೂ ಸೇರಿದ. ಆಮೇಲೊಮ್ಮೆ ಚೆಂಡು ಸಿಕ್ಕಾಗ ಬುಗುರಿ ಗಿರ್ರನೆ ತಿರುಗಿದ. ಎದುರಾಳಿ ದಿಕ್ಕು ತಪ್ಪಿ ಕುಕ್ಕರಿಸಿ ಕೂತ!

ಆಟ ಡ್ರಾ ಆಯಿತು. ಬುಗುರಿ ಗೋಲು ಹೊಡೆಯಲಿಲ್ಲ. ಆದರೆ ಇಂದಿಗೂ ಆಡುತ್ತಿದ್ದಾನೆ. ಆಟವಿದ್ದ ದಿನ ಬೇಕರಿ ಅಕ್ಕ ಬೇಗ ಬಾಗಿಲು ಹಾಕಿ, ಟೈಲರ್ ಮಾಮನ ಹೆಂಡತಿಯ ಪಕ್ಕದಲ್ಲಿ ಕೂರುತ್ತಾರೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರ ತಂಡದಲ್ಲೂ ಎಡವಿದವರೊಬ್ಬರು ಇದ್ದೇ ಇರುತ್ತಾರೆ. ಆಟ ಕೆಟ್ಟರೆ ಆಟದ ಮಾತಾಡಿ, ಆಡಿದವರನ್ನು ಹಂಗಿಸಬೇಡಿ. ಪಕ್ಕದವರು ಹಂಗಿಸಿದರೆ ಸುಮ್ಮನೆ ಕೂರಲೂ ಬೇಡಿ. ಎದ್ದು ನಿಂತು ಪ್ರೀತಿಯಿಂದ ಹೆಸರು ಹಿಡಿದು ಕೂಗಿ. ಮೊದಲಿಗೆ ನಿಮ್ಮ ದನಿ ಒಂಟಿ ಅನ್ನಿಸಬಹುದು. ಆದರೂ ಕೂಗಿ.