ಸವಾಲಿನ ನಡುವೆ ಮಂಗಳ

ಹಾನಗಲ್ಲಿನಲ್ಲಿ ಅವ್ವನ ದನಿ ಒಡೆದದ್ದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ನಾನು ಅವಳ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಗೀಗೀ ಪದದ ಮೇಳದಲ್ಲಿ ಅದು ತಾಳ ಹಾಕುವವರ ಜಾಗ. ಅವ್ವ ಡಪ್ಪು ಬಡಿಯುತ್ತ ಮುಂದೆ ಹಾಡುತ್ತಾಳೆ. ಅವಳ ತಮ್ಮ ಉಳಿವೆಪ್ಪ ಮಾವ ಬಲಕ್ಕೆ ನಿಂತು ತುಂತುಣಿ ಮೀಟುತ್ತಾನೆ. ಅವ್ವನ ಸಾಲು ಮುಗಿದ ಕೂಡಲೇ ನಾನೂ ಮಾವನೂ ‘ಗೀ ಗೀ’ ಎಂದು ಎಳೆಯಬೇಕು. ನಾನು ಯಾವ ಪದವನ್ನೂ ಶುರು ಮಾಡಿದವಳಲ್ಲ. ಶುರುವಾದದ್ದರ ಹಿಂದೆ ಹೋಗುವುದಷ್ಟೇ ನನ್ನ ಕೆಲಸ. ನಾನು ನಿಲ್ಲುವ ಜಾಗದಿಂದ ಅವ್ವನ ಕತ್ತಿನ ನರ ಕಾಣುತ್ತದೆ. ಆ ಸಂಜೆ ಮೇಲಿನ ಸ್ವರಕ್ಕೆ ಹೋಗುವಾಗ ನರ ಉಬ್ಬಿತು, ದನಿ ಬರಲಿಲ್ಲ. ಗಾಳಿ ಮಾತ್ರ ಬಂತು.

ಹಳೆಯ ಪದಗಳ ಹುಚ್ಚು ಹಚ್ಚಿಕೊಂಡ ಚನ್ನೇಶ ಮತ್ತು ಅವನ ಗೆಳೆಯರು ಈ ವರ್ಷ ‘ಊರ ಪದ’ ಎಂಬ ಹಾಡಿನ ಕಾರ್ಯಕ್ರಮ ಶುರು ಮಾಡಿದ್ದರು. ಹದಿನೈದು ದಿನಕ್ಕೊಂದು ಭಾನುವಾರ ಸಂಜೆ, ಮೊದಲು ಹಾನಗಲ್ಲು, ಆಮೇಲೆ ಶಿಗ್ಗಾಂವಿ, ಸವಣೂರು, ಕೊನೆಗೆ ಹಿರೇಕೆರೂರು. ಟಿಕೀಟಿಲ್ಲ, ಕೀಬೋರ್ಡಿಲ್ಲ. ಏಕತಾರಿಯವರು, ಚೌಡಿಕೆಯವರು, ಭಜನೆಯವರು ಎಲ್ಲ ಬರುತ್ತಿದ್ದರು. ಆದರೆ ಜನ ಏಳದೆ ಕೂತಿರುತ್ತಿದ್ದದ್ದು ಕೊನೆಯ ಸವಾಲು-ಜವಾಬಿಗೆ, ಒಂದು ಮೇಳ ಹಾಡಿನಲ್ಲೇ ಕೇಳಿದ್ದಕ್ಕೆ ಇನ್ನೊಂದು ಮೇಳ ಹಾಡಿನಲ್ಲೇ ಉತ್ತರ ಕೊಡುವುದಕ್ಕೆ. ಹಿರೇಕೆರೂರಿನ ಕಡೆಯ ಮಹಾಲಿಂಗಪ್ಪ ಗಂಡೇ ಹೆಚ್ಚು ಎಂದು ಹಾಡುವವನು. ಅವ್ವ ಹೆಣ್ಣೇ ಹೆಚ್ಚು ಎಂದು ಹಾಡುವವಳು. ನನಗೆ ತಿಳಿವಳಿಕೆ ಬಂದಾಗಿನಿಂದ ಅವ್ವ ಸೋತದ್ದನ್ನು ಯಾರೂ ಕಂಡಿಲ್ಲ.

ಅವ್ವನ ದನಿ ನಿಂತದ್ದನ್ನು ಮಹಾಲಿಂಗಪ್ಪ ಬಿಡಲಿಲ್ಲ. ಬಿಟ್ಟರೆ ಅವನು ಹಾಡುಗಾರನೇ ಅಲ್ಲ. ಡಪ್ಪನ್ನು ಕಿವಿಯ ಹತ್ತಿರ ಎತ್ತಿ ಹಿಡಿದು, ನಗುತ್ತ ಹಾಡಿದ:

“ಶಕ್ತಿ ದೊಡ್ಡಾಕಿ ಅಂತಿ ಹಾಲವ್ವ, ದನಿ ಯಾಕ ಬಿಟ್ಟು ಹೋತ ನಿನ್ನ?
ದನಿ ಗಂಡೋ ಹೆಣ್ಣೋ ಬಿಡಿಸಿ ಹೇಳ, ಇಲ್ಲಂದ್ರ ಡಪ್ಪು ಇಡ ಮುಂದ.”

ಜನ ಸೀಟಿ ಹೊಡೆದರು. ಅವ್ವ ಬಾಯಿ ತೆರೆದಳು, ಮುಚ್ಚಿದಳು. ಮಹಾಲಿಂಗಪ್ಪನೇ ಗಡುವು ಕೊಟ್ಟ. “ಇವತ್ತ ಬ್ಯಾಡ. ಸವಣೂರಿನಾಗ ಕೊಡು ಜವಾಬು. ಅಲ್ಲೀತನಕ ಬೆಲ್ಲ ಕಾಳುಮೆಣಸು ತಿನ್ನು.” ಆಮೇಲೆ ಎರಡೂ ಮೇಳ ಕೂಡಿ ಮಂಗಳ ಹಾಡಿದೆವು. ನಮ್ಮಲ್ಲಿ ಮಂಗಳವಾದ ಮೇಲೆ ಆ ದಿನ ಮತ್ತೆ ಯಾರೂ ಡಪ್ಪು ಎತ್ತುವಂತಿಲ್ಲ. ಅದಕ್ಕೇ ಇಬ್ಬರೂ ಒಪ್ಪಿಯೇ ಮಂಗಳ ಎತ್ತುತ್ತಾರೆ. ಸವಾಲು ಬಾಕಿಯಿದ್ದು, ಗಡುವೂ ಸಿಗದೆ, ಒಂದು ಮೇಳ ತಾನಾಗಿ ಮಂಗಳ ಎತ್ತಿದರೆ ಆ ಮೇಳ ಸೋತಂತೆ.

ಹುಬ್ಬಳ್ಳಿಯ ಡಾಕ್ಟರು ಅವ್ವನ ಗಂಟಲಿಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ದನಿ ಹುಟ್ಟುವ ಕಡೆ ಗಂಟಾಗಿದೆ, ಪಕ್ಕದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಎರಡು ತಿಂಗಳು ಹಾಡಬಾರದು, ಮಾತಾಡಬಾರದು, ಪಿಸುಮಾತೂ ಬೇಡ. ಗಂಟು ಕರಗದಿದ್ದರೆ ಆಪರೇಷನ್ನು. “ಈಗ ಜಗ್ಗಿ ಹಾಡಿದರೆ ಒಳಗೆ ಹರಿಯುತ್ತದೆ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ,” ಎಂದರು. ಅವ್ವ ತಲೆಯಾಡಿಸಿದಳು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ “ಬಸ್ಸು ಎಷ್ಟಕ್ಕೈತಿ?” ಎಂದಳು.

“ಅಕ್ಕಾ, ಬಾಯಿ,” ಎಂದ ಮಾವ.

“ಇಷ್ಟಕ್ಕೇನಾಗತೈತಿ.”

“ನಿನ್ನ ಬಾಯಿ ಮುಚ್ಚಸಾಕ ಡಾಕ್ಟರ್ ಸಾಕಾಗೂದಿಲ್ಲ, ಪೊಲೀಸರ ಬೇಕು,” ಎಂದು ಮಾವ ನಕ್ಕ. ನನಗೆ ನಗು ಬರಲಿಲ್ಲ. ಆ ಒಂದೇ ಮಾತಿನಲ್ಲಿ ಅವಳ ದನಿ ಎರಡು ಸಲ ಕಡಿದಿತ್ತು.

ಶಿಗ್ಗಾಂವಿಗೆ ನಾವು ಹೋಗಲಿಲ್ಲ. ನಮ್ಮೂರು ದುಂಡಸಿಯಿಂದ ಅರ್ಧ ಜನ ಹೋಗಿದ್ದರು. ಅಲ್ಲಿ ಮಹಾಲಿಂಗಪ್ಪ ನಮ್ಮ ಖಾಲಿ ಜಾಗದ ಕಡೆ ಕೈಮಾಡಿ ಅದೇ ಸವಾಲನ್ನು ಮತ್ತೆ ಹಾಡಿದನೆಂದು ಬಂದವರು ಹೇಳಿದರು. ಮರುದಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಒಬ್ಬ ಅವ್ವನನ್ನು ನೋಡಿ, “ಏನ್ರಿ ಹಾಲವ್ವಾರ, ಹಾಲು ಒಡೀತೇನು?” ಎಂದ. ಕೂತಿದ್ದವರೆಲ್ಲ ನಕ್ಕರು. ಅವ್ವನೂ ನಕ್ಕಳು. ಮನೆಗೆ ಬಂದವಳೇ ಗೂಟದ ಮೇಲಿದ್ದ ಡಪ್ಪು ಇಳಿಸಿ ಒರೆಸತೊಡಗಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಸವಣೂರಿನಲ್ಲಿ ಅವಳು ಹಾಡಿಯೇ ಹಾಡುತ್ತಾಳೆ ಎಂದು ನನಗೆ ಗೊತ್ತಾಯಿತು. ಹೇಗಾದರೂ ತಡೆಯಬೇಕು, ಹೇಗೆಂದು ತಿಳಿಯದು. ಮಾವನನ್ನು ಕೇಳಿದೆ, ನೀನಾದರೂ ಹಾಡು ಎಂದು. “ಸವಾಲು ಯಾರ ಹೆಸರಿಗೆ ಬಂದೈತೋ ಅವರ ಬಾಯಿಂದನ ಜವಾಬು ಬರಬೇಕವಾ,” ಎಂದ. ಅವ್ವನಿಗೇ ಹೇಳಿದೆ, ಜವಾಬು ನನಗೆ ಕಲಿಸು, ಮೈಕ್ ಇರುತ್ತದಲ್ಲ, ನಿನ್ನ ಹೆಸರು ಹೇಳಿ ನಾನು ಹಾಡುತ್ತೇನೆ ಎಂದು. ಶಾಲೆಯಲ್ಲಿ ಹಾಜರಿಗೆ ‘ಬಂದೇನ್ರಿ’ ಎನ್ನಲೂ ಆಗದೆ ಬಿಟ್ಟು ಬಂದವಳು ನಾನು.

ಅವ್ವ ಒರೆಸುತ್ತಿದ್ದ ಡಪ್ಪನ್ನು ತೊಡೆಯ ಮೇಲಿಟ್ಟುಕೊಂಡಳು. “ಏನಂತ ಕಲಸಲಿ ಮಲ್ಲಿ? ಜವಾಬು ನನಗೂ ಗೊತ್ತಿಲ್ಲ. ಡಪ್ಪು ಬಡದ ಮ್ಯಾಲ ಬರತೈತಿ.”

“ಬರ್ಲಿಲ್ಲಂದ್ರ?”

“ಇಲ್ಲೀತನಕ ಬಂದೈತಿ.”

“ದನಿ ಹೋತಂದ್ರ ಏನ್ಮಾಡ್ತಿ, ಅವ್ವಾ?”

“ಹಾಡದ ಕುಂತ್ರ ಆ ದನಿ ಯಾತಕ್ಕ ಬೇಕು? ನಿಮ್ಮನ್ನ ಊಟಕ್ಕ ಕರಿಯಾಕೇನು?”

ಸವಣೂರಿನಲ್ಲಿ ಕಾರ್ಯಕ್ರಮ ಒಂದು ಮಂಗಲ ಕಾರ್ಯಾಲಯದಲ್ಲಿತ್ತು. ಚನ್ನೇಶ ಬಾಗಿಲಲ್ಲೇ ಅವ್ವನ ಕೈ ಹಿಡಿದುಕೊಂಡ. “ಅವ್ವಾರ, ನಿಮ್ಮ ತಮ್ಮ ಫೋನಿನಾಗ ಎಲ್ಲಾ ಹೇಳ್ಯಾರ. ನೀವು ಬರೇ ಬಂದು ಕುಂತ್ರ ಸಾಕ್ರಿ. ನಾನ ಮೈಕಿನಾಗ ಹೇಳ್ತೇನಿ, ಆರಾಮಿಲ್ಲ ಅಂತ.” ಅವ್ವ ಅವನ ಕೆನ್ನೆ ತಟ್ಟಿ ಒಳಗೆ ಹೋದಳು.

ಹಿಂದಿನ ಅಂಗಳದಲ್ಲಿ ಮಾವ ಹುಲ್ಲು ಹೊತ್ತಿಸಿ ಡಪ್ಪು ಕಾಯಿಸುತ್ತಿದ್ದ. ಚರ್ಮ ಬಿಗಿಯಾದಷ್ಟೂ ದನಿ ಏರುತ್ತದೆ, ಡಪ್ಪಿನ ದನಿ ಏರಿದರೆ ಹಾಡುವವರೂ ಏರಬೇಕು. “ಮಾವಾ, ಕಡಿಮಿ ಕಾಸು,” ಎಂದೆ. ಅವನು ಬೇಗ ಬೆಂಕಿಯಿಂದ ತೆಗೆದ. ಅವ್ವ ಬಂದು ಬೆರಳಿನಿಂದ ಬಡಿದು ನೋಡಿ, ಏನೂ ಹೇಳದೆ ಮತ್ತೆ ಬೆಂಕಿಗೆ ಹಿಡಿದಳು.

ಮಹಾಲಿಂಗಪ್ಪ ಆಚೆ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಇವನೊಬ್ಬನು ಸವಾಲು ಹಿಂದಕ್ಕೆ ತೆಗೆದುಕೊಂಡರೆ ಎಲ್ಲ ಮುಗಿಯುತ್ತದೆ. ಹೋಗಿ ಅವನ ಮುಂದೆ ನಿಂತೆ. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ.

“ಏನವಾ, ಹಾಲವ್ವನ ಮಗಳಲ್ಲ ನೀನು?”

“ಹೌದ್ರಿ ಕಾಕಾ.”

“ಏನರ ಬೇಕಾಗಿತ್ತೇನು?”

ಅವನ ಮೇಳದವರು ತಿರುಗಿ ನೋಡಿದರು. “ನೀರು ಬೇಕೇನ್ರಿ, ಕಾಕಾ?” ಎಂದೆ.

“ಬ್ಯಾಡವಾ, ಈಗ ಚಹಾ ಆತು,” ಎಂದು ಅವನು ಪ್ರೀತಿಯಿಂದಲೇ ಹೇಳಿದ. ನಾನು ವಾಪಸು ಬಂದು ಗೋಡೆಗೆ ಆತು ನಿಂತೆ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಚೌಡಿಕೆಯವರು ಇಳಿದ ಮೇಲೆ ನಾವು ಹತ್ತಿದೆವು. ಅವರ ಮೇಳ ಒಂದು ಕಡೆ, ನಮ್ಮದು ಒಂದು ಕಡೆ. ಕುರ್ಚಿ ಸಾಲದೆ ಜನ ಕಿಟಕಿಯಲ್ಲೂ ಕೂತಿದ್ದರು. ಮಹಾಲಿಂಗಪ್ಪ ಸವಾಲು ಹಾಡಿ ನಿಲ್ಲಿಸಿದ. ಅವ್ವ ಡಪ್ಪು ಬಡಿದಳು.

ಮೊದಲ ಸಾಲು ನೆಟ್ಟಗೆ ಬಂತು. ಒರಟಾಗಿತ್ತು, ಆದರೆ ಬಂತು. ಜನ ‘ಹಾಂ’ ಎಂದರು. ಎರಡನೆಯದೂ ಬಂತು. ನನಗೆ ಅಳು ಬಂದಿತು. ಬಹುಶಃ ಡಾಕ್ಟರು ಹೇಳಿದ್ದು ಸುಳ್ಳೇನೋ ಎನಿಸಿತು.

“ಹುಟ್ಟಿದ ಕೂಸು ಅಳತೈತಲ್ಲಪ್ಪ ಹೊಸ್ತಿಲೊಳಗ,
ಹೊರಗ ನಿಂತಾಂವ ಗಂಡೋ ಹೆಣ್ಣೋ ಹೆಂಗ ತಿಳದಾನ?
ದನಿಗೆ ಹೆಸರ ಇಟ್ಟಾಂವ ಯಾರೋ, ಕೇಳೋ ಮಹಾಲಿಂಗ—”

ಮುಂದಿನ ಸಾಲು ಮೇಲಕ್ಕೆ ಹೋಗಬೇಕು. ನರ ಉಬ್ಬಿತು. ಕಂಚಿಗೆ ಕಲ್ಲು ಉಜ್ಜಿದಂಥ ಸದ್ದು ಬಂತು, ಆಮೇಲೆ ಏನೂ ಇಲ್ಲ. ಅವ್ವ ಕೆಮ್ಮಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸೆರಗು ಹಳದಿ. ಅದರ ಮೇಲೆ ಕೆಂಪು ಕಂಡಿತು. ಎಲೆಯಡಿಕೆ ಇರಬೇಕೆಂದುಕೊಂಡೆ. ಬೆಳಗಿನಿಂದ ಅವಳು ಎಲೆ ಮುಟ್ಟಿರಲಿಲ್ಲ.

ನಾನೂ ಮಾವನೂ ‘ಗೀ ಗೀ’ ಎಳೆದು ಹೊತ್ತು ಕೊಟ್ಟೆವು. ಅವ್ವ ಮತ್ತೆ ಅದೇ ಸಾಲಿಗೆ ಹೋದಳು. ಅರ್ಧಕ್ಕೆ ಕಡಿಯಿತು. ಮೂರನೆಯ ಸಲ ಎದೆಯಿಂದ ಜಗ್ಗಲು ಅವಳು ಕಾಲು ಅಗಲಿಸಿ ನಿಂತದ್ದನ್ನು ಕಂಡೆ. ಜನ ಉಸಿರು ಬಿಗಿಹಿಡಿದು ಮುಂದೆ ಬಾಗಿದ್ದರು. ಅವಳು ನಿಲ್ಲುವವಳಲ್ಲ. ಅವಳ ಕೈ ಹಿಡಿದರೆ ಕೊಡವಿಕೊಳ್ಳುತ್ತಾಳೆ, ಮೈಕ್ ಕಿತ್ತರೆ ಮೈಕಿಲ್ಲದೆ ಕೂಗುತ್ತಾಳೆ. ಅವಳ ಬಾಯಿ ಮುಚ್ಚಿಸುವಂಥದ್ದು ಈ ಲೋಕದಲ್ಲಿ ಒಂದೇ ಇತ್ತು.

ತಾಳ ನಿಲ್ಲಿಸಿದೆ. ಅರ್ಧ ಹೆಜ್ಜೆ ಮುಂದೆ ಬಂದು ಅವ್ವನ ಮೈಕಿಗೆ ಬಾಯಿಟ್ಟೆ.

“ಮಂಗಳ ಮಂಗಳ ನೆರೆದ ದೈವಕ, ಮಂಗಳ ಕೂತ ನೆಲಕ…”

ನನ್ನ ದನಿ ನನಗೇ ಪರಿಚಯವಿರಲಿಲ್ಲ. ತೆಳ್ಳಗಿತ್ತು, ಶ್ರುತಿಗೂ ಕೂಡಿರಲಿಲ್ಲ. ಮಾವನ ತುಂತುಣಿ ತಟ್ಟನೆ ನಿಂತಿತು. ಎತ್ತಿದ ಮಂಗಳವನ್ನು ಒಬ್ಬರೇ ಹಾಡುವಂತೆ ಬಿಡಬಾರದು. ಅವನು ತಲೆ ತಗ್ಗಿಸಿ ಎರಡನೆಯ ಸಾಲಿಗೆ ಸೇರಿಕೊಂಡ. ನೆರೆದ ಜನ ಒಬ್ಬೊಬ್ಬರಾಗಿ ಎದ್ದು ನಿಂತರು. ಮಹಾಲಿಂಗಪ್ಪ ಬಾಯಿ ತೆರೆದೇ ನಿಂತಿದ್ದವನು, ರುಮಾಲು ಸರಿಮಾಡಿಕೊಂಡು ಅವನೂ ಸೇರಿದ. ಹಾಡದೆ ಉಳಿದವಳು ಅವ್ವ ಒಬ್ಬಳೇ. ಡಪ್ಪು ಹಿಡಿದ ಅವಳ ಕೈ ಎತ್ತಿದಲ್ಲೇ ಇತ್ತು. ಆಮೇಲೆ ನಿಧಾನವಾಗಿ ಇಳಿಯಿತು.

ಮುಗಿದ ಮೇಲೆ ಯಾರೋ ಹಿಂದಿನಿಂದ, “ಹಾಲವ್ವ ಸೋತಳಲೇ,” ಎಂದರು. ಇನ್ನೊಬ್ಬರು, “ಮಗಳೇ ಸೋಲಿಸಿದ್ಳು,” ಎಂದರು. ಅವ್ವ ಮಹಾಲಿಂಗಪ್ಪನ ಮುಂದೆ ಹೋಗಿ ಡಪ್ಪನ್ನು ನೆಲಕ್ಕಿಟ್ಟಳು. ಅವನು ಹಿಂದೆ ಸರಿದ.

“ಎತ್ತಿಕೋ ಹಾಲವ್ವ. ಹುಡುಗಿ ತಿಳೀಲಾರದ ಹಾಡೇತಿ.”

ಅವ್ವ ಎತ್ತಿಕೊಳ್ಳಲಿಲ್ಲ.

“ಇಲ್ರಿ ಕಾಕಾ, ತಿಳದ ಹಾಡೇನಿ,” ಎಂದೆ. ಅಷ್ಟು ಜನರ ಮುಂದೆ ಅದು ಹೇಗೆ ಬಾಯಿಂದ ಬಂತೋ. ಅವ್ವ ಆಗ ನನ್ನ ಕಡೆ ಒಮ್ಮೆ ನೋಡಿದಳು. ಹೊಡೆದಿದ್ದರೆ ಚೆನ್ನಾಗಿತ್ತು.

ಬಸ್ಸಿನಲ್ಲಿ ಅವಳು ನನ್ನ ಪಕ್ಕದ ಸೀಟು ಬಿಟ್ಟು ಹೋಗಿ ಕಂಡಕ್ಟರನ ಹಿಂದೆ ಕೂತಳು. ಅಂದಿನಿಂದ ಮಾತಿಲ್ಲ. ನನ್ನ ಹತ್ತಿರವಷ್ಟೇ ಅಲ್ಲ, ಮಾವನ ಹತ್ತಿರವೂ ಇಲ್ಲ, ಬಾಗಿಲಿಗೆ ಬಂದವರ ಹತ್ತಿರವೂ ಇಲ್ಲ. ಡಾಕ್ಟರು ಹೇಳಿದಾಗ ಮುಚ್ಚದ ಬಾಯಿ ಈಗ ಮುಚ್ಚಿಕೊಂಡಿದೆ. ಮಾವ ಮೊದಮೊದಲು, “ಒಳ್ಳೇದ ಆತು, ಮಾತಾಡದಿದ್ರ ಗಂಟು ಕರಗತೈತಿ,” ಎನ್ನುತ್ತಿದ್ದ. ಆಮೇಲೆ ಅನ್ನುವುದನ್ನು ಬಿಟ್ಟ. ಅವಳು ಸಿಟ್ಟಿನಿಂದ ಮಾತಾಡುತ್ತಿಲ್ಲವೋ, ಮಾತಾಡಿದರೆ ಏನೂ ಬರುವುದಿಲ್ಲವೋ ನಮಗೆ ತಿಳಿಯದು. ಆ ನಾಲ್ಕನೆಯ ಸಾಲಿನಲ್ಲಿ ಏನಿತ್ತೆಂಬುದೂ ತಿಳಿಯದು. ಹಿರೇಕೆರೂರಿನ ಭಾನುವಾರ ಬಂತು, ಹೋಯಿತು. ಅವಳು ಹಿತ್ತಿಲಲ್ಲಿ ಬೆನ್ನು ತಿರುಗಿಸಿ ಗೋವಿನಜೋಳದ ತೆನೆ ಸುಲಿಯುವಾಗ ನಾನು ಬಾಗಿಲ ಹಿಂದೆ ನಿಲ್ಲುತ್ತೇನೆ. ಒಬ್ಬಳೇ ಇರುವಾಗಲಾದರೂ ಗುನುಗುತ್ತಾಳೇನೋ ಎಂದು. ತೆನೆಯ ಸಿಪ್ಪೆ ಹರಿಯುವ ಸದ್ದು ಮಾತ್ರ.

ಎರಡು ತಿಂಗಳಿಗೆ ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಕನ್ನಡಿ ಹಿಡಿದು, “ಆ ಅನ್ನಿ ಅಮ್ಮ,” ಎಂದರು. ಅವ್ವ ಬಾಯಿ ತೆರೆದಳು. ಕಣ್ಣು ಓರೆಮಾಡಿ ನನ್ನನ್ನು ನೋಡಿದಳು. ಬಾಯಿ ಮುಚ್ಚಿದಳು.

“ಹೆದರಬೇಡಿ. ಆ ಅನ್ನಿ.”

ಮತ್ತೆ ನನ್ನನ್ನೇ ನೋಡಿದಳು. ನನಗೆ ಅರ್ಥವಾಯಿತು. ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಪಡಸಾಲೆಯಲ್ಲಿ ನರ್ಸು ಹೆಸರು ಕೂಗುತ್ತಿದ್ದಳು, ಯಾವುದೋ ಮಗು ಅಳುತ್ತಿತ್ತು. ಬಾಗಿಲಿಗೆ ಕಿವಿ ಒತ್ತಿ, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡೆ.

ಒಳಗೆ ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ ಏನೋ ಬಂತು. ಅದು ದನಿಯೋ, ಕುರ್ಚಿ ಸರಿದದ್ದೋ ಹೇಳಲಾರೆ.

“ಇನ್ನೊಮ್ಮೆ ಅನ್ನಿ,” ಎಂದರು ಡಾಕ್ಟರು.