ಯಜಮಾನನ ಪಟ

"ಆ ಕರಿ ಮುಖಗಳನ್ನೆಲ್ಲ ಗೋಡೆಯಿಂದ ಇಳಿಸಮ್ಮ. ಮನೆಗೆ ಬೆಲೆ ಬರಬೇಕೋ ಬೇಡವೋ?"

ಸಾಲದ ದಲ್ಲಾಳಿ ಹಾರ್ಲನ್ ಕುರ್ಚಿಯ ಅಂಚಿನಲ್ಲೇ ಕುಳಿತು ಹೇಳಿದ. ಅದು ಕರಿಯ ಹೆಂಗಸು ಒಡೆಸ್ಸಾಳ ಮನೆ. ಗಂಡ ಕ್ಲಿಯೋಫಸ್ ಮಣ್ಣು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅಮೆರಿಕದ ಬಾಲ್ಟಿಮೋರಿನ ಉಕ್ಕಿನ ಕಾರ್ಖಾನೆಯಲ್ಲಿ ಬೆಂದು ಅವನು ಕೊಂಡ ಮನೆಯ ಸೂರು ಈಗ ಕುಸಿಯುತ್ತಿತ್ತು. ರಿಪೇರಿಗೆ ಬ್ಯಾಂಕಿನ ಸಾಲ ಬೇಕು; ಸಾಲಕ್ಕೆ ಮನೆಯ ಬೆಲೆ ಗೊತ್ತಾಗಬೇಕು. ಮೊದಲು ಬೆಲೆ ಕಟ್ಟಲು ಬಂದವನು ಗೋಡೆಯ ಪಟಗಳನ್ನು ನೋಡಿದ. ಮಹಡಿಯನ್ನೂ ಹತ್ತಲಿಲ್ಲ. ಎದುರು ಸಾಲಿನ ಬಿಳಿಯ ಹೆಂಗಸು ಡೋರಿಸಳ ಇಂಥದೇ ಮನೆಗೆ ಕಟ್ಟಿದ್ದರ ಅರ್ಧ ಬರೆದು ಹೋದ.

"ಬಣ್ಣ ನೋಡಿ ಬೆಲೆ ಕಟ್ಬಾರ್ದು ಅಂತ ಕಾನೂನೈತೆ," ಎಂದಳು ಮಗಳು ರೆನೀಟಾ.

"ಕಾನೂನೂ ಇದೆ, ಸೂರೂ ಸೋರ್ತಿದೆ. ಮಳೆ ಕಾನೂನು ಕೇಳುತ್ತಾ? ಬೆಲೆ ಬರ್ಲಿ ಅಂತ ನಿಮ್ಮೋರೆಲ್ಲ ಮಾಡೋದು ಹಿಂಗೇ. ಇವತ್ತು ಇನ್ನೊಬ್ಬ ಬರ್ತಾನೆ. ಡೋರಿಸಮ್ಮ ಯಜಮಾನಿ ಹಂಗೆ ಕೂತಿರ್ಲಿ. ನೀವಿಬ್ರೂ ಹಿಂಬಾಗಿಲಿಂದ ಹೊರಟ್ಹೋಗಿ."

ಅವನು ಹೋದ ಮೇಲೆ ಡೋರಿಸ್ ಬಂದು ಕುರ್ಚಿಯಲ್ಲಿ ಕುಳಿತಳು. ರೆನೀಟಾ ಪಟಗಳನ್ನು ಪೆಟ್ಟಿಗೆಗೆ ತುಂಬಿದಳು. ಕರಿಯರ ಗುಂಗುರು ಕೂದಲಿಗೆ ಹಚ್ಚುವ ಎಣ್ಣೆಯ ಡಬ್ಬಿಯನ್ನೂ ಬಚ್ಚಿಟ್ಟಳು. ಕೊನೆಗೆ ಉಳಿದದ್ದು, ಚರ್ಚಿನ ಕರಿ ಕೋಟು ತೊಟ್ಟ ಕ್ಲಿಯೋಫಸ್.

"ಅದನ್ನ ಮುಟ್ಬ್ಯಾಡ ಕಣೇ."

"ಅವ್ವಾ, ಸೂರು..."

"ನಮ್ಮವ್ವ ಬಿಳಿಯರ ಮನೇಲಿ ಬೇಯ್ಸಿ ಹಾಕಾಕೆ ಸಾಯೋಗಂಟ ಹಿಂಬಾಗ್ಲಾಗೇ ಹೋದ್ಲು. ನನ್ ಮನೇಲೂ ನಂಗೆ ಹಿಂಬಾಗ್ಲಾ? ಆ ಬೋಳಿಮಗ ಹೇಳ್ದ ಅಂತ ನನ್ ಗಂಡನ್ನ ಎರಡ್ನೇ ಸಲ ಪೆಟ್ಟಿಗೇಲಿಡ್ಲಾ?"

ಡೋರಿಸ್ ಕುರ್ಚಿ ಬಿಟ್ಟು ಎದ್ದಳು. "ನಂಗೂ ಸುಳ್ಳಾಡಾಕೆ ಬರಾಕಿಲ್ಲ ಒಡೆಸ್ಸಾ. ನನ್ ಮನೆಗೆಷ್ಟು ಕಟ್ಟಿದ್ರು ಅಂತ ಸಾಕ್ಷಿ ಹೇಳು ಅಂದ್ರೆ ಬತ್ತೀನಿ."

ಒಡೆಸ್ಸಾ ಬಕೆಟ್ಟು, ಬ್ರಷ್ಷು ಹಿಡಿದು, ಪ್ರತಿ ಶನಿವಾರದಂತೆ ಬೀದಿಬಾಗಿಲ ಬಿಳಿಗಲ್ಲಿನ ಮೆಟ್ಟಿಲುಗಳನ್ನು ತಿಕ್ಕಿ ತೊಳೆದಳು. ಆಮೇಲೆ ಬಾಗಿಲಿಗೇ ಮೊಳೆ ಬಡಿದು, ಕ್ಲಿಯೋಫಸನ ಪಟವನ್ನು ಬೀದಿಗೆ ಮುಖ ಮಾಡಿ ತೂಗುಹಾಕಿದಳು. ಪ್ರಾರ್ಥನೆ ಹೇಳಿಕೊಂಡು ಮೇಲಿನ ಮೆಟ್ಟಿಲ ಮೇಲೆ ಕುಳಿತಳು.

ಬೆಲೆ ಕಟ್ಟುವವನು ಬಂದ. ಒಡೆಸ್ಸಾಳ ತಲೆಯ ಮೇಲಿಂದ ನೋಟ ಹಾಯಿಸಿ, ಅರೆ ತೆರೆದ ಬಾಗಿಲಲ್ಲಿ ನಿಂತ ಡೋರಿಸಳನ್ನು ಕೇಳಿದ: "ಯಜಮಾನಿ ನೀವಾ?"

ಡೋರಿಸ್ ಬೆರಳಿಂದ ಕೆಳಗೆ ಒಡೆಸ್ಸಾಳನ್ನು ತೋರಿಸಿದಳು.

"ನಾನೇ ಕಣಪ್ಪ. ಆ ಪಟದಾಗೆ ಇದಾನಲ್ಲ, ಅವ್ನು ನನ್ ಯಜಮಾನ. ದೇವ್ರ ಪಾದ ಸೇರವ್ನೆ. ಮೊದ್ಲು ಅವನ ಮುಖ ನೋಡು. ಆಮ್ಯಾಕೆ ಮಹಡಿ ಹತ್ತು, ಒಂದೊಂದು ಕೋಣೇನೂ ನೋಡು. ಬಣ್ಣ ನೋಡಿ ಬರದ್ಯೋ, ಕೋರ್ಟ್ನಾಗೆ ಇವ್ಳೇ ನನ್ ಸಾಕ್ಷಿ."

ಅವನು ಪಟವನ್ನು ನೋಡಿದ, ಕಪ್ಪಿಟ್ಟ ಆಕಾಶವನ್ನು ನೋಡಿದ. ಕಾಲು ಎತ್ತಿಡಲಿಲ್ಲ. ಒಡೆಸ್ಸಾಳೂ ಏಳಲಿಲ್ಲ.

ತೊಳೆದ ಕಲ್ಲಿನ ಮೇಲೆ ಮೊದಲ ಹನಿ ಬಿತ್ತು.