‘ಸರಿ, ಆಮೇಲೆ?’ ಎನ್ನುವ ಮಾವ

ನನ್ನ ಹೆಂಡತಿಯ ಸೋದರಮಾವ ಯಾವ ಅಂಗಡಿಗೂ ನೇರವಾಗಿ ಕಾಲಿಟ್ಟವರಲ್ಲ. ಮೊದಲು ರಸ್ತೆಯ ಎದುರು ಬದಿಯಲ್ಲಿ ನಿಲ್ಲಬೇಕು. ಬೇಸಿಗೆಯಲ್ಲೂ ಕಳಚದ ಕಂದು ಕೋಟಿನ ಜೇಬುಗಳಿಗೆ ಎರಡೂ ಕೈ ತುರುಕಿ, ಕತ್ತನ್ನು ಕೊಂಚ ಓರೆ ಮಾಡಿ, ಯಾರು ಒಳಗೆ ಹೋದರು, ಯಾರು ಹೊಸ್ತಿಲವರೆಗೆ ಬಂದು ಹಿಂದಿರುಗಿದರು ಎಂಬುದನ್ನೆಲ್ಲ ಸಾವಧಾನವಾಗಿ ನೋಡಬೇಕು. ಅನಂತರ, ಬಲಗಾಲನ್ನು ತುಸು ಎಳೆದು ಹಾಕುವ ತಮ್ಮ ನಡಿಗೆಯಲ್ಲಿ ರಸ್ತೆ ದಾಟಿ ಬಂದು, ಗಿರಾಕಿಗಳ ಬೆಂಚಿನ ಮೇಲೆಯೇ ಆಸೀನರಾಗಬೇಕು. ಒಳಗೆ ಕುರ್ಚಿಯಿದೆ, ಬನ್ನಿ ಎಂದು ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ರೈಲುಗಳ ವೇಳಾಪಟ್ಟಿ ಹೊಂದಿಸುವ ಕಚೇರಿಯಲ್ಲಿ ಜೀವಮಾನ ಸವೆಸಿ ನಿವೃತ್ತರಾದ ಈ ಮಹಾನುಭಾವರಿಗೆ, ಸಣ್ಣ ಅಂಗಡಿಯವರನ್ನು ಹಿಡಿದು ‘ಮುಂದೇನು?’ ಎಂದು ವಿಚಾರಿಸುವ ಚಟ ಯಾವಾಗ ಅಂಟಿತೋ ಕಾಣೆ. ಬಿಟ್ಟಿ ಸಲಹೆ ಸಿಗುತ್ತದೆಂದು ಜನ ಹತ್ತಿರ ಬರುತ್ತಿದ್ದರು. ಸಲಹೆ ಮಾತ್ರ ಹೊರಡುತ್ತಿರಲಿಲ್ಲ. ಏನು ಹೇಳಿದರೂ ‘ಸರಿ, ಆಮೇಲೆ?’ ಎಂಬುದೊಂದೇ ರಾಗ. ಅವರ ಪರೀಕ್ಷೆಯಂತೂ ವಿಚಿತ್ರ: ಅಂಗಡಿಯವನು ತನ್ನ ಗುರಿಯನ್ನು ಹೆಂಡತಿಯ ಎದುರಿಗೇ ಹೇಳಬೇಕು. ಸೈಕಲ್ ರಿಪೇರಿಯವನು ಎದೆಯುಬ್ಬಿಸಿ, ಊರಿಗೇ ದೊಡ್ಡ ಅಂಗಡಿ ಮಾಡುತ್ತೇನೆ ಎಂದಾಗ ಅವನಾಕೆ ಆಕಳಿಸಿದಳಂತೆ. ಪಾಪ, ಅವನು ಗುರಿಯನ್ನು ತಿದ್ದಿ, ಬೆಳಿಗ್ಗೆ ಬಂದ ಸೈಕಲನ್ನು ಸಂಜೆಗೇ ಕೊಟ್ಟುಬಿಡುತ್ತೇನೆ, ಕೆಲಸ ಉಳಿಸಿಕೊಳ್ಳುವುದಿಲ್ಲ ಎಂದ.

“ಹಾಗಾದ್ರೆ ಭಾನುವಾರ ಮನೇಲಿರ್ತೀರಾ?” ಎಂದು ಆಕೆ ಕಣ್ಣರಳಿಸಿದಳು.

“ಇದಪ್ಪಾ ಗುರಿ ಅಂದ್ರೆ! ಮನೆಯವ್ರ ಕಣ್ಣಿಗೂ ಕಾಣ್ಬೇಕು!” ಎಂದು ಮಾವ ತೊಡೆ ತಟ್ಟಿ ನಕ್ಕರು.

ನನ್ನ ಹೆಂಡತಿಯದು ಹೊಲಿಗೆಯ ಅಂಗಡಿ. ಒಂದೇ ಕಿಟಕಿಯ ಕಿರಿದಾದ ಕೋಣೆ. ದೊಡ್ಡ ಹೋಟೆಲೊಂದರವರು ಬಂದು, ನಮ್ಮ ಸಿಬ್ಬಂದಿಯ ಸಮವಸ್ತ್ರವನ್ನೆಲ್ಲ ನೀವೇ ಹೊಲಿದುಕೊಡಿ ಎಂದರು. ಪಕ್ಕದ ಕೋಣೆಯನ್ನೂ ಬಾಡಿಗೆಗೆ ಹಿಡಿಯಬೇಕು, ಹತ್ತಾರು ಜನರನ್ನು ಇಟ್ಟುಕೊಳ್ಳಬೇಕು, ಶನಿವಾರದೊಳಗೆ ಉತ್ತರ ಹೇಳಬೇಕು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಅವಳು ಮಾತ್ರ ಯಾಕೋ ಮಂಕಾಗಿದ್ದಳು. ಶುಕ್ರವಾರ ಮಾವ ಬಂದು ಬೆಂಚಿನ ಮೇಲೆ ಕುಳಿತು, ಸಂಗತಿಯನ್ನೆಲ್ಲ ಕೇಳಿದರು.

“ಈ ಕೆಲಸ ಒಪ್ಕೊಂಡು ಮೂರು ವರ್ಷ ಕಳೆದಿದೆ ಅಂತ ಇಟ್ಕೋ ಮಗೂ. ಬೆಳಿಗ್ಗೆ ಅಂಗಡಿಗೆ ಬಂದೆ. ಕೈಯಲ್ಲಿ ಏನಿದೆ?”

“ಫೋನು ಮಾವ. ಯಾರ್ಯಾರು ಕೆಲಸಕ್ಕೆ ಬಂದಿಲ್ಲ ಅಂತ ವಿಚಾರಿಸ್ಬೇಕಲ್ಲ.”

“ಸರಿ, ಆಮೇಲೆ?”

“ಹೋಟೆಲಿನವ್ರ ಹತ್ರ ಮಾತಾಡ್ಬೇಕು...”

“ಕತ್ತರಿ?”

ಅವಳು ತಲೆ ತಗ್ಗಿಸಿದಳು. “ಅದು ಬೇರೆಯವ್ರ ಕೈಯಲ್ಲಿರುತ್ತೆ ಮಾವ,” ಎಂದವಳೇ ಅತ್ತುಬಿಟ್ಟಳು. ಅಳುತ್ತಲೇ ಹೊರಬಂತು ಅವಳ ಆಸೆ. ಬೆನ್ನು ಬಾಗಿದವರು, ಒಂದು ತೋಳು ಗಿಡ್ಡವಾದವರು, ಸಿದ್ಧ ಉಡುಪಿನ ಅಂಗಡಿಗಳಲ್ಲಿ ತಮ್ಮ ಅಳತೆಯೇ ಸಿಗದೆ ಬರಿಗೈಯಲ್ಲಿ ಮರಳುವವರು, ಅಂಥವರಿಗೆ ಒಪ್ಪುವ ಬಟ್ಟೆಯನ್ನು ತನ್ನ ಕೈಯಾರೆ ಕತ್ತರಿಸಿ ಹೊಲಿಯಬೇಕಂತೆ. ಇಷ್ಟು ವರ್ಷ ಜೊತೆಗಿದ್ದ ನನಗೇ ಅದು ಗೊತ್ತಿರಲಿಲ್ಲ.

ಶನಿವಾರ ಅವಳು ಹೋಟೆಲಿನವರಿಗೆ ಆಗುವುದಿಲ್ಲ ಎಂದಳು. ನಾನು ಕೈತಪ್ಪಿದ ಹಣದ ಲೆಕ್ಕ ಹಾಕುತ್ತ ಕುಳಿತೆ. ಮಾವ ಮಾತ್ರ ಪ್ರತಿ ತಿಂಗಳ ಮೊದಲ ಸೋಮವಾರ ತಪ್ಪದೆ ಹಾಜರಾಗಿ, ಹೋದ ತಿಂಗಳು ಹೇಳಿದ್ದು ಆಯಿತೇ ಎಂದು ಕೇಳುವರು, ಆಗದಿದ್ದರೆ ಬೈಯುವುದಿಲ್ಲ, “ಗುರಿ ಬದಲಾಯಿಸೋಣ್ವೋ, ದಾರಿ ಬದಲಾಯಿಸೋಣ್ವೋ?” ಎನ್ನುವರು. ಅವಳು ಪ್ರತಿಸಲವೂ ದಾರಿಯನ್ನೇ ಬದಲಾಯಿಸಿದಳು. ಗಿರಾಕಿಗಳನ್ನು ಕಾಯುವುದು ಬಿಟ್ಟು, ತಾನೇ ಮೂಳೆ ಆಸ್ಪತ್ರೆಗೆ ಹೋಗಿ, ಹೊಲಿದ ಮಾದರಿಗಳನ್ನು ವೈದ್ಯರಿಗೆ ತೋರಿಸಿ ಬಂದಳು. ಆ ವರ್ಷ ಕೈ ಬಿಗಿಹಿಡಿದೇ ಸಂಸಾರ ತೂಗಿಸಿದೆವು. ಮರುವರ್ಷದಿಂದ ಪರಸ್ಥಳದವರೂ ವಿಳಾಸ ಕೇಳಿಕೊಂಡು ಬರತೊಡಗಿದರು.

ಮೊನ್ನೆ, ಬೆನ್ನು ಓರೆಯಾದ ತರುಣಿಯೊಬ್ಬಳು ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತವಳು ಕದಲಲೇ ಇಲ್ಲ. ಅತ್ತ ತಿರುಗಿದಳು, ಇತ್ತ ತಿರುಗಿದಳು, “ಅಕ್ಕಾ, ಇದನ್ನ ಹಾಕ್ಕೊಂಡೇ ಮನೆಗೆ ಹೋಗ್ಲಾ?” ಎಂದಳು. ಹೆಂಡತಿ ನನ್ನ ಕಡೆ ನೋಡಿದಳು. ಅವಳ ಕುತ್ತಿಗೆಯಲ್ಲಿ ಅಳತೆಯ ಟೇಪು, ಕೈಯಲ್ಲಿ ಕತ್ತರಿ, ಕಣ್ಣಲ್ಲಿ ನೀರು.

ಉಪದೇಶಿಸುವವರಿಗೆ ಲೋಕದಲ್ಲಿ ಬರವಿಲ್ಲ. ನಮ್ಮ ಆಸೆಯನ್ನು ನಮ್ಮ ಬಾಯಿಂದಲೇ ಆಡಿಸಿ, ಅದು ಕೈಗೂಡುವ ತನಕ ತಿಂಗಳು ತಿಂಗಳೂ ಬಂದು ವಿಚಾರಿಸುವವರು ಎಲ್ಲೋ ಒಬ್ಬರು. ಅಂಥವರ ಹೆಸರು ಯಾವ ಅಂಗಡಿಯ ಬೋರ್ಡಿನ ಮೇಲೂ ಇರುವುದಿಲ್ಲ. ಆದರೆ ಬೆಳಿಗ್ಗೆ ಬಾಗಿಲು ತೆಗೆಯುವವರ ಮನಸ್ಸು ಹಗುರವಾಗಿದ್ದರೆ, ಅದು ಅಂಥವರ ಋಣ.